ಪಂಕ್ಚುಯಲ್ ದೊರೆಯ ಏಳು ಗಂಟೆ

"ನನ್ನ ಜನ್ಮದಲ್ಲಿ ನಾನು ಒಂದು ದಿನವೂ ದರ್ಬಾರಿಗೆ ತಡವಾಗಿ ಬಂದವನಲ್ಲ!" ಎಂದು ಕರಿಹಳ್ಳದ ದೊರೆ ಚಿಕ್ಕಮಲ್ಲ ನಾಯಕ ಮೀಸೆ ತಿರುವಿದ. "ಅಂಥವನಿಗೆ ಇಂಗ್ಲಿಷಿನಲ್ಲಿ ಏನಂತಾರೆ ಗೊತ್ತೇನ್ರಯ್ಯಾ? ಪಂಕ್ಚುಯಲ್!"

ದರ್ಬಾರಿನವರೆಲ್ಲ ತಲೆದೂಗಿದರು. ದೊರೆ ಇಂಗ್ಲಿಷ್ ಕಲಿಯಲು ಒಬ್ಬ ಮೇಷ್ಟ್ರನ್ನು ಇಟ್ಟುಕೊಂಡಿದ್ದ. ದಿನಕ್ಕೊಂದು ಪದ. ಕಲಿತದ್ದನ್ನು ಅವತ್ತೇ ಯಾರ ಮೇಲಾದರೂ ಪ್ರಯೋಗಿಸದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

"ನಾಳೆಯಿಂದ ಏಳು ಗಂಟೆಯ ನಗಾರಿ ಬಾರಿಸುವುದರೊಳಗೆ ಎಲ್ಲರೂ ಇಲ್ಲಿರಬೇಕು. ತಡವಾದವರಿಗೆ ಕೆಲಸವಿಲ್ಲ!"

ಈ ನಗಾರಿಯ ಸಂಗತಿ ಸ್ವಲ್ಪ ಹೇಳಬೇಕು. ದೊರೆಯ ಅಜ್ಜನ ಕಾಲದಿಂದ ಅರಮನೆಯಲ್ಲೊಂದು ಪದ್ಧತಿ. ದೊರೆ ಎದ್ದು, ಮಿಂದು, ಪೇಟ ಸುತ್ತಿಕೊಂಡು ಹೊಸಿಲು ದಾಟಿದ ಮೇಲೇ ನಗಾರಿಯ ಆಳು ಕೆಂಚಣ್ಣ ಅದನ್ನು ಬಾರಿಸಬೇಕು. ಬಾರಿಸಿದಾಗಲೇ ಏಳು ಗಂಟೆ! ಹಿಂದಿನ ದಿನ ಹೋಳಿಗೆ ಊಟವಾಗಿದ್ದರೆ, ಕರಿಹಳ್ಳದಲ್ಲಿ ಏಳು ಗಂಟೆಯಾಗುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು. ಇದನ್ನು ದೊರೆಯ ಕಿವಿಗೆ ಹಾಕುವ ಎದೆಗಾರಿಕೆ ಯಾರಿಗಿದೆ ಹೇಳಿ!

ಹೊಸ ಪದದ ಹುಮ್ಮಸ್ಸು ನೋಡಿ, ಮರುದಿನ ದೊರೆ ಕೋಳಿ ಕೂಗುವಾಗಲೇ ಎದ್ದುಬಿಟ್ಟ. ನಗಾರಿ ಢಣಢಣ ಎಂದಿತು. ಹೆದರಿದ ದರ್ಬಾರಿನವರು ಹಿಂದಿನ ರಾತ್ರಿಯೇ ಬಂದು ಕಂಬಕ್ಕೊಬ್ಬರಂತೆ ಮಲಗಿದ್ದರಿಂದ ಬಚಾವಾದರು. ಸಿಂಹಾಸನಕ್ಕೆ ಹೂ ಕಟ್ಟುವ ಚೌಡಕ್ಕ ಮಾತ್ರ ಎಂದಿನಂತೆ ಬಿಸಿಲು ಕೋಟೆಗೋಡೆ ಮುಟ್ಟುವ ಹೊತ್ತಿಗೆ ಬುಟ್ಟಿ ಹೊತ್ತು ಬಂದಳು.

"ತಡ! ನೀನು ಪಂಕ್ಚುಯಲ್ ಅಲ್ಲ. ನಾಳೆಯಿಂದ ಬರಬೇಡ," ಎಂದ ದೊರೆ.

"ಅಯ್ಯೋ ಬುದ್ಧೀ, ಮೂವತ್ತು ವರ್ಷದಿಂದ ಇದೇ ಹೊತ್ತಿಗೆ ಬರ್ತಿದೀನಿ. ದಿನದ ಎರಡು ಸೇರು ಅಕ್ಕಿ ನಿಂತರೆ ನನ್ನ ಮನೆ ಒಲೆ ಹತ್ತೋದಿಲ್ಲ."

"ಹುಕುಂ ಅಂದರೆ ಹುಕುಂ!"

ಚೌಡಕ್ಕ ಕಣ್ಣೊರೆಸಿಕೊಂಡು ಹೊರಟಳು. ಆಸ್ಥಾನದ ವಿದೂಷಕ ಬಿಳಿಗಿರಯ್ಯ ಅವಳ ಹಿಂದೆಯೇ ಎದ್ದ. ನಾಲಿಗೆ ಚುರುಕಾದ ಆಸಾಮಿ ಅವನು. ಬಾಗಿಲಲ್ಲಿ ಅವಳಿಗೆ ಪಿಸುಗುಟ್ಟಿದ: "ನಾಳೆಯೂ ಹೂ ಕಟ್ಟಿಕೊಂಡು ಬಾ. ಬಾಗಿಲ ಹೊರಗೇ ನಿಂತಿರು."

ಆಮೇಲೆ ದೊರೆಯ ಮುಂದೆ ಕೈಮುಗಿದ. "ಪ್ರಭು, ಇಂಗ್ಲಿಷ್ ಪದಕ್ಕೆ ಇಂಗ್ಲಿಷ್ ಗಡಿಯಾರವೇ ಬೇಕಲ್ಲವೇ? ಮೇಷ್ಟ್ರ ಜೇಬಿನಲ್ಲೊಂದಿದೆ. ಅದರಲ್ಲಿ ಏಳಾದ ಕೂಡಲೇ ನಗಾರಿ, ನಗಾರಿ ನಿಂತ ಕೂಡಲೇ ಬಾಗಿಲು ಬಂದ್."

"ಭೇಷ್! ಆಮೇಲೆ ಬಂದವರು ಹೊರಗೇ."

"ಯಾರೇ ಆದರೂ?"

"ನಮ್ಮಪ್ಪನೇ ಬಂದರೂ!"

ಬಿಳಿಗಿರಯ್ಯ ತಡಮಾಡದೆ ಅದನ್ನು ಬರೆಸಿ ಮೊಹರು ಒತ್ತಿಸಿಕೊಂಡ.

ಮರುದಿನ ಗಡಿಯಾರದಲ್ಲಿ ಏಳಾಯಿತು. ಕೆಂಚಣ್ಣ ಮೊಹರನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಅಂತೂ ಬಾರಿಸಿದ. ಒಳಮನೆಯಲ್ಲಿ ದೊರೆ, "ಯಾರದೋ ಮದುವೆ ಇರಬೇಕು," ಎಂದು ಮಗ್ಗುಲಾದ. ಮೊದಲ ದಿನದ ಹುಮ್ಮಸ್ಸು ಎರಡನೇ ದಿನ ಇರುತ್ತದೆಯೇ?

ಅವನು ಪೇಟ ಸುತ್ತಿಕೊಂಡು ಬಂದಾಗ ದರ್ಬಾರಿನ ಬಾಗಿಲು ಭದ್ರವಾಗಿತ್ತು. ಹೊರಗೆ ಚೌಡಕ್ಕ ಬುಟ್ಟಿ ಹಿಡಿದು ನಿಂತಿದ್ದಳು.

"ಯಾರೋ ಅದು? ಬಾಗಿಲು ತೆಗಿ!"

ಮೇಲಿನ ಕಿಂಡಿಯಲ್ಲಿ ಬಿಳಿಗಿರಯ್ಯನ ಮುಖ ಕಾಣಿಸಿತು. "ಕ್ಷಮಿಸಬೇಕು ಪ್ರಭು, ತಮ್ಮದೇ ಹುಕುಂ. ಸ್ವಲ್ಪ ಚೌಡಕ್ಕನ ಪಕ್ಕ ನಿಂತುಕೊಳ್ಳಿ. ತಡವಾದವರ ಸಾಲು ಅಲ್ಲಿಂದಲೇ."

"ಗಂಟೆ ಎಷ್ಟೋ ಈಗ?"

"ಒಂಬತ್ತೂವರೆ."

"ಸುಳ್ಳು! ನಾನು ಬಂದಾಗ ಏಳೇ ಆಗಿರಬೇಕು!"

"ಅದೇ ನೋಡಿ ಪ್ರಭು. ಮೊನ್ನೆ ತಾವು ಬಿಸಿಲೇರಿದ ಮೇಲೆ ಬಂದಿರಿ, ಏಳಾಯಿತು. ನಿನ್ನೆ ಕೋಳಿ ಕೂಗುವಾಗ ಬಂದಿರಿ, ಆಗಲೂ ಏಳಾಯಿತು. ಚೌಡಕ್ಕ ಎರಡು ದಿನವೂ ಬಂದದ್ದು ಒಂದೇ ಹೊತ್ತಿಗೆ. ಕೆಲಸ ಹೋದದ್ದು ಮಾತ್ರ ಅವಳದು."

ದೊರೆ ಚೌಡಕ್ಕನ ಮುಖ ನೋಡಿದ. ಅವಳು ನೆಲ ನೋಡಿದಳು. ದೊರೆಗೆ ನಾಚಿಕೆಯಾಯಿತು.

"ಹಾಗಾದರೆ ಇಷ್ಟು ವರ್ಷ ನಾನು ಪಂಕ್ಚುಯಲ್ ಆಗಿರಲೇ ಇಲ್ಲವೇನಯ್ಯಾ?"

"ತಾವಲ್ಲ ಪ್ರಭು. ನಗಾರಿ ತಮಗೆ ಪಂಕ್ಚುಯಲ್ ಆಗಿತ್ತು!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಬೆರಳಿನ ಉಂಗುರ ಕಳಚಿ ಕಿಂಡಿಗೆ ಎಸೆದ. "ಮೇಷ್ಟ್ರು ಅರ್ಥ ಹೇಳಿದ್ದರು. ಬಳಸೋದು ನೀನು ಕಲಿಸಿದೆ. ಚೌಡಕ್ಕಾ, ನಿನ್ನ ಕೆಲಸ ನಿನಗೇ. ಇನ್ನುಮುಂದೆ ಎರಡಲ್ಲ, ನಾಲ್ಕು ಸೇರು. ನಾಳೆ ಏಳು ಗಂಟೆಗೆ ಬಂದು ಅಳೆಸಿಕೋ."

ಚೌಡಕ್ಕ ಬಗ್ಗಿ ಕೈಮುಗಿದಳು. ಆದರೂ ಅನುಮಾನ ಬಿಡಬೇಕಲ್ಲ!

"ಆಗಲಿ ಬುದ್ಧೀ. ಆದರೆ ಯಾರ ಏಳು ಗಂಟೆಗೆ ಬರಲಿ? ನಿಮ್ಮದಕ್ಕೋ, ಸೂರ್ಯನದಕ್ಕೋ?"