ಬ್ಯಾಂಡು ಹೊಂಬಯ್ಯನ ರಾಟೆ

ತುಂಬಾ ಹಿಂದೆ, ಯಾವ ಇಸವಿ ಅಂತ ಮಾತ್ರ ಕೇಳಬೇಡಿ, ಕೆಂಚನಕೋಟೆ ಅಂತ ಒಂದು ಊರಿತ್ತಂತೆ. ಊರಿಗೊಬ್ಬ ಅರಸ, ಅರಸನಿಗೊಂದು ಬ್ಯಾಂಡು, ಬ್ಯಾಂಡಿಗೊಬ್ಬ ಹೊಂಬಯ್ಯ. ಅವನು ಕ್ಲಾರಿನೆಟ್ ಊದಿದರೆ ಒದೆಯುವ ಎಮ್ಮೆಯೂ ನಿಂತು ಹಾಲು ಕೊಡುತ್ತಿತ್ತಂತೆ. ನಾನು ನೋಡಿಲ್ಲ, ನಮ್ಮಜ್ಜಿ ಹೇಳಿದ್ದು. ಅಜ್ಜಿಯೂ ನೋಡಿರಲಿಲ್ಲ ಅನ್ನಿ.

ಹೊಂಬಯ್ಯನದು ಒಂದೇ ಹಟ. ಕೇಳಿದ್ದನ್ನು ಕೇಳಿದ ಹಾಗೇ ನುಡಿಸಬೇಕು, ಕೂದಲೆಳೆಯಷ್ಟೂ ಕೂಡಿಸಬಾರದು, ಕಳೆಯಬಾರದು. ಅವನ ಗುರುವಿಗೆ ಗೂರಲು ಇತ್ತಂತೆ. ಗುರು ಹಾಡುತ್ತಾ ಎಲ್ಲೆಲ್ಲಿ ಕೆಮ್ಮಿದ್ದರೋ ಅಲ್ಲಲ್ಲಿ ಇವನ ಕ್ಲಾರಿನೆಟ್ಟೂ ಕೆಮ್ಮುತ್ತಿತ್ತಂತೆ. ಊರವರಿಗೆ ಅದೇ ರೂಢಿಯಾಗಿ, ಕೆಮ್ಮಿಲ್ಲದ ಹಾಡು ಸಪ್ಪೆ ಅನ್ನುತ್ತಿದ್ದರಂತೆ.

ಹೀಗಿರುವಾಗ ಪರದೇಶದ ಒಬ್ಬ ದೊಡ್ಡ ದೊರೆ ತನ್ನ ದೊರೆಸಾನಿಯನ್ನು ಕರೆದುಕೊಂಡು ಅರಮನೆಗೆ ಬರುತ್ತಾನೆ ಅಂತ ಸುದ್ದಿ ಬಂತು. ದೊರೆಸಾನಿಗೆ ತನ್ನ ದೇಶದ ಕುಣಿತ ಕುಣಿಯುವ ಆಸೆಯಂತೆ. ಗಂಡ ಹೆಂಡತಿ ಕೈ ಹಿಡಿದು ಗಿರಗಿರ ತಿರುಗುವ ಕುಣಿತ. ಒಂದು ದೊಡ್ಡ ಪೆಟ್ಟು, ಎರಡು ಸಣ್ಣ ಪೆಟ್ಟು, ಮತ್ತೆ ದೊಡ್ಡ ಪೆಟ್ಟು. ಅರಸ ಹೊಂಬಯ್ಯನನ್ನು ಕರೆಸಿ, ಎಂಟು ದಿನದಲ್ಲಿ ಕಲಿಯಿರಿ, ತಪ್ಪಿದರೆ ಬ್ಯಾಂಡಿನ ಅಂಗಿ ಬಿಚ್ಚಿಟ್ಟು ಹೋಗಿ, ಬೇರೆ ಊರಿನವರನ್ನು ತರಿಸುತ್ತೇನೆ ಅಂದುಬಿಟ್ಟನಂತೆ. ಹನ್ನೆರಡು ಜನರ ಬ್ಯಾಂಡು ಅದು, ಹನ್ನೆರಡು ಮನೆಯ ಒಲೆ ಅದರಿಂದಲೇ ಉರಿಯುತ್ತಿತ್ತು.

ಕಲಿಯಲು ಇದ್ದದ್ದು ಅರಮನೆಯ ಗ್ರಾಮಫೋನು, ಆ ಕುಣಿತದ ಒಂದು ಪ್ಲೇಟು. ಅದಕ್ಕೆ ಕೀ ಕೊಡುವವನು ಬಸವಲಿಂಗ ಅಂತ ಒಬ್ಬ ಮುದುಕ. ಕೀ ಕೊಟ್ಟೊಡನೆ ತೂಕಡಿಸುತ್ತಿದ್ದ. ಪೆಟ್ಟಿಗೆಯ ಸ್ಪ್ರಿಂಗೂ ಅವನಷ್ಟೇ ಹಳೆಯದು. ಹಾಡು ಹಗ್ಗ ಬಿಚ್ಚಿದ ಕರುವಿನ ಹಾಗೆ ಜಿಗಿಯುತ್ತಾ ಶುರುವಾಗುತ್ತಿತ್ತಂತೆ. ಬರಬರುತ್ತಾ ನಡೆ ನಿಧಾನ, ಶ್ರುತಿ ಕೆಳಕ್ಕೆ, ಇನ್ನೂ ಕೆಳಕ್ಕೆ. ಮದುವೆಮನೆಯ ಹಾಡು ಸಾವಿನಮನೆಯ ಹಾಡಾಗುತ್ತಿತ್ತು. ಆಗ ಬಸವಲಿಂಗ ಎಚ್ಚೆತ್ತು ಕಿರ್ ಕಿರ್ ಅಂತ ಕೀ ಕೊಟ್ಟರೆ ಮತ್ತೆ ಕರು ಜಿಗಿಯುತ್ತಿತ್ತು.

ಡೋಲಿನ ಮಾರಯ್ಯ, "ಅಣ್ಣೋ, ಇದು ಹಾಡಲ್ಲ ಕಣಣ್ಣ, ಪೆಟ್ಗೆಗೆ ಬಂದಿರೋ ರೋಗ" ಅಂದನಂತೆ.

"ಸುಮ್ಕೆ ಬಾರ್ಸು. ಅವ್ರ ದೇಸದ ಕುಣ್ತ ಹೆಂಗಿರ್ತದೆ ಅಂತ ನಿಮ್ಮಪ್ಪ ಕಂಡಿದ್ನಾ?" ಅಂದನಂತೆ ಹೊಂಬಯ್ಯ.

ಸರಿ, ಅಷ್ಟನ್ನೂ ಕಲಿತರು. ಎಲ್ಲರೂ ಒಟ್ಟಿಗೆ ಶ್ರುತಿ ಇಳಿಸುವುದೇನು ಹುಡುಗಾಟವೇ? ಊದುವವರು ತುಟಿ ಸಡಿಲ ಬಿಟ್ಟೂ ಬಿಟ್ಟೂ ಅನ್ನ ನುಂಗಲು ಆಗದ ಹಾಗಾದರಂತೆ. ಮಾರಯ್ಯ ಒಣಗಿದ್ದೊಂದು, ನೀರು ಚಿಮುಕಿಸಿದ್ದೊಂದು, ಎರಡು ಡೋಲು ಇಟ್ಟುಕೊಂಡನಂತೆ. ಕಿರ್ ಕಿರ್ ಮಾತ್ರ ಯಾವ ವಾದ್ಯದಲ್ಲೂ ಬರಲಿಲ್ಲ. ಕೊನೆಗೆ ಹೊಂಬಯ್ಯ ಮನೆಯ ಹಿತ್ತಲಿಗೆ ಹೋಗಿ ಬಾವಿಯ ರಾಟೆಯನ್ನೇ ಬಿಚ್ಚಿ ತಂದನಂತೆ. ಹೆಂಡತಿ ಸಣ್ಣತಾಯಮ್ಮ ಬರಿಗೈಲಿ ಹಗ್ಗ ಎಳೆದು ನೀರು ಸೇದಿದಳು. ಕೊಡಕ್ಕೊಂದು ಬೈಗುಳ.

ಆ ದಿನ ಬಂತು. ದೊರೆ ಅಂದರೆ ರಾಗಿ ಕಣಜದಂಥ ಆಳು, ನಾಲ್ಕು ಹೆಜ್ಜೆಗೇ ಏದುಸಿರು. ಅವನಿಗೆ ದಮ್ಮು ಹಿಡಿದ ಮೇಲೆ ಅವರಿಬ್ಬರೂ ಈ ಕುಣಿತ ಪೂರ್ತಿ ಮಾಡಿ ವರ್ಷಗಳೇ ಆಗಿದ್ದವಂತೆ. ಗಿರಗಿರ ತಿರುಗಿದರು. ದೊರೆಯ ಮುಖ ಕೆಂಪೇರಿತು. ಇನ್ನೇನು ಕುಸಿದು ಕೂರಬೇಕು, ಅಷ್ಟರಲ್ಲಿ ಬ್ಯಾಂಡಿನ ನಡೆ ಇಳಿಯಿತು, ಶ್ರುತಿ ಇಳಿಯಿತು. ಅರಸನ ಮುಖ ಇಂಗು ತಿಂದ ಮಂಗನ ಹಾಗಾಯಿತಂತೆ. ಆದರೆ ದೊರೆ ಹೆಂಡತಿಯ ಹೆಗಲಿಗೆ ತಲೆಯಿಟ್ಟು ಮೆಲ್ಲಗೆ ಹೆಜ್ಜೆ ಎಳೆದ. ಏನು ನೆನಪಾಯಿತೋ, ಇಬ್ಬರ ಕಣ್ಣಲ್ಲೂ ನೀರು. ಆಗ ಹೊಂಬಯ್ಯ ರಾಟೆ ತಿರುಗಿಸಿದ, ಕಿರ್ ಕಿರ್! ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ ದೊರೆ ಹೆಂಡತಿಯನ್ನು ಎತ್ತಿ ಸುತ್ತಿಸಿದನಂತೆ. ಮೂರು ಸಲ ಇಳಿಯಿತು, ಮೂರು ಸಲ ಏರಿತು, ಕುಣಿತ ಪೂರ್ತಿಯಾಯಿತು.

ದೊರೆಸಾನಿ ದುಭಾಷಿಯ ಬಾಯಲ್ಲಿ ಕೇಳಿಸಿದಳಂತೆ, ನಮ್ಮಲ್ಲಿ ಇದನ್ನು ಒಂದೇ ಓಟದಲ್ಲಿ ನುಡಿಸುತ್ತಾರೆ, ವಯಸ್ಸಾದವರಿಗೆ ಉಸಿರಾಡಲು ಜಾಗ ಬಿಟ್ಟವರು ನೀವೇ, ಯಾರು ಕಟ್ಟಿದ್ದು ಅಂತ.

"ನಾನ್ ಕಟ್ಲಿಲ್ಲ ತಾಯಿ. ಪೆಟ್ಗೆ ಹೆಂಗ್ ಹಾಡ್ತೋ ಹಂಗೇ ಬಾರ್ಸ್ದೆ" ಅಂದ ಹೊಂಬಯ್ಯ.

ಪೆಟ್ಟಿಗೆ ತರಿಸಿ ಹಾಡಿಸಿದರೆ ಸ್ಪ್ರಿಂಗು ಸೋತಿತ್ತು. ದೊರೆ ನಕ್ಕ ನಗುವಿಗೆ ಅವನ ಕೋಟಿನ ಮೂರು ಗುಂಡಿ ಕಿತ್ತುಹೋದವಂತೆ. ಮಾರಯ್ಯ ಹೊಂಬಯ್ಯನನ್ನು ನೋಡಿದ. ಹೊಂಬಯ್ಯ ಸೂರಿನ ತೊಲೆ ಎಣಿಸುತ್ತಾ ನಿಂತ. ಅಂಗಿ ಮಾತ್ರ ಹನ್ನೆರಡೂ ಉಳಿದವು. ಪೆಟ್ಟಿಗೆ ರಿಪೇರಿಯಾದ ಮೇಲೂ ಅವನು ಆ ಕುಣಿತವನ್ನು ತಿದ್ದಿಕೊಳ್ಳಲಿಲ್ಲವಂತೆ. ರಾಟೆ ಬಾವಿಗೆ ವಾಪಸು ಹೋಗಲಿಲ್ಲ, ಸಣ್ಣತಾಯಮ್ಮನ ಬೈಗುಳವೂ ನಿಲ್ಲಲಿಲ್ಲ.

ಹೊಂಬಯ್ಯ ತೀರಿಕೊಂಡ ದಿನ ಅವನ ಜನ ಅದನ್ನೇ ನುಡಿಸಿದರಂತೆ. ನಡೆ ಇಳಿಯಿತು, ಶ್ರುತಿ ಇಳಿಯಿತು, ಹಾಡು ನಿಂತೇಹೋಯಿತು. ರಾಟೆ ತಿರುಗಿಸಲು ಯಾರಿಗೂ ಕೈ ಏಳಲಿಲ್ಲ. ಆಗ ಸಣ್ಣತಾಯಮ್ಮ ಎದ್ದು ಬಂದು, "ನನ್ ರಾಟೆ ತತ್ತಾರೋ ಇಲ್ಲಿ, ಮುಟ್ಠಾಳ್ ಮುಂಡೇವಾ" ಅಂತ ಕಿತ್ತುಕೊಂಡು ತಿರುಗಿಸಿದಳಂತೆ. ಅಳುತ್ತಿದ್ದವರೆಲ್ಲ ಒಂದು ಗಳಿಗೆ ಚಟ್ಟದ ಕಡೆ ತಿರುಗಿ ನೋಡಿದರಂತೆ, ಎದ್ದರೂ ಎದ್ದಾನು ಅಂತ. ಅವನು ಏಳಲಿಲ್ಲ, ಪಾಪ. ಹಾಡು ಎದ್ದಿತು.

ಈಗಲೂ ಕೆಂಚನಕೋಟೆಯ ಮದುವೆಗೆ ಬ್ಯಾಂಡಿನ ಜೊತೆ ಒಂದು ರಾಟೆ ಬರುತ್ತದೆ. ಬಾವಿಗಳು ಮುಚ್ಚಿ ಎಷ್ಟೋ ಕಾಲವಾಯಿತು, ಎಲ್ಲರ ಮನೆಯಲ್ಲೂ ನಲ್ಲಿ. ಆದರೂ ಹಾಡು ಇಳಿದು ನಿಂತಾಗ ಅಲ್ಲಿರುವ ಎಲ್ಲರಿಗಿಂತ ಹಿರಿಯ ಹೆಂಗಸು ಎದ್ದು ರಾಟೆ ತಿರುಗಿಸಬೇಕು, ಬ್ಯಾಂಡಿನವರಿಗೆ ಒಂದು ಬೈಗುಳ ಬೈಯಬೇಕು. ಬೈಯುವ ತನಕ ಅವರು ಶುರು ಮಾಡುವುದಿಲ್ಲ. ಹೋದ ತಿಂಗಳು ಆ ಸರದಿ ನನಗೇ ಬಂದಿತ್ತು. ಚೆನ್ನಾಗೇ ಬೈದೆ.