ಆವಿಗೆ ಬಿಟ್ಟು ಓಡಿದ ಅತ್ತೆ

ಕಾಲು ಒಳಗಿಡು, ಕಂಬಳಿ ಹೊದ್ಕೋ. ಹೂಂ ಅಂತಿರ್ಬೇಕು, ನಿನ್ನ ಹೂಂ ನಿಂತ್ರೆ ನನ್ನ ಬಾಯೂ ನಿಲ್ಲುತ್ತೆ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟೇ ಇರ್ಲಿಲ್ಲ ನೋಡು, ಆವಾಗ ಕೆರೆ ಏರಿ ಪಕ್ಕ ಒಂದು ಕುಂಬಾರ್ರ ಮನೆ ಇತ್ತಂತೆ. ಅತ್ತೆ ದೊಡ್ಡತಾಯಿ, ಮಗ ಮುದ್ದಯ್ಯ, ಸೊಸೆ ಚೆನ್ನಾಜಿ, ಇಷ್ಟೇ ಜನ. ಚೆನ್ನಾಜಿ ಇನ್ನೂ ಎಳೇ ಹುಡುಗಿ, ಚೊಚ್ಚಲ ಬಸುರಿ.

ಆ ಮನೇಲೊಂದು ಕಟ್ಟು ಇತ್ತಂತೆ. ಮಡಕೆ ಸುಡೋ ಆವಿಗೆಗೆ ಬೆಂಕಿ ಇಟ್ಟ ಮೇಲೆ ಒಡಕು, ಬಿರುಕು ಅನ್ನೋ ಮಾತು ಯಾರೂ ಆಡೋ ಹಾಗಿಲ್ಲ, ಆಡಿದ್ರೆ ಮಡಕೆ ಎಲ್ಲಾ ಸೀಳಿಬಿಡುತ್ತೆ ಅಂತ. ಅತ್ತೆ ಅದೇ ಕಟ್ಟನ್ನ ಬಸುರಿಗೂ ಹಾಕ್ಬಿಟ್ಟಿದ್ಲು. ಕೆಟ್ಟದ್ದನ್ನ ನೆನೀಬೇಡ, ಬಾಯಲ್ಲಂತೂ ತರಲೇಬೇಡ ಅಂದಿದ್ಲು. ಕೆಟ್ಟವಳೇನಲ್ಲ, ಬಾಯಿ ಜೋರು, ಅಷ್ಟೇ. ನಗ್ತೀಯೇನೋ? ನನ್ನ ಹಾಗೇ ಅಂತಲಾ?

ಆದ್ರೆ ಚೆನ್ನಾಜಿಗೆ ಒಳಗೊಳಗೇ ದಿಗಿಲು. ಉಣ್ಣೋಕೆ ಕೂತ್ರೆ ತುತ್ತು ಇಳೀತಿರ್ಲಿಲ್ಲ, ಮಲಗಿದ್ರೆ ನಿದ್ದೆ ಹತ್ತುತಿರ್ಲಿಲ್ಲ. ಮಗು ಒಂದು ಗಳಿಗೆ ಮಿಸುಕದಿದ್ರೆ ಹೊಟ್ಟೆ ಮೇಲೆ ಕೈಯಿಟ್ಕೊಂಡು ಉಸಿರು ಹಿಡ್ಕೊಂಡು ಕೂತ್ಬಿಡೋಳಂತೆ. ಯಾಕೆ ಗೊತ್ತಾ? ಅವಳನ್ನ ಹೆತ್ತ ಗಳಿಗೇಲೇ ಅವರವ್ವ ಹೋಗ್ಬಿಟ್ಟಿದ್ಲು. ಅವ್ವನ ಮುಖ ಹೇಗಿತ್ತೋ, ದನಿ ಹೇಗಿತ್ತೋ, ಒಂದೂ ಕಾಣಳು. ಅಪ್ಪ ಸಾಕಿ ಮದುವೆ ಮಾಡಿ ಅವನೂ ಕಣ್ಣು ಮುಚ್ಚಿದ್ದ. ಊರಿನ ಬೇರೆ ಬಸುರೀರು ಗಾಡಿ ಹತ್ತಿ ತವರಿಗೆ ಹೊರಟ್ರೆ ಇವಳು ಬಾಗಿಲಲ್ಲೇ ನಿಂತು, ಗಾಡಿ ಮರೆಯಾದ ಮೇಲೂ ದಾರಿ ನೋಡ್ತಿದ್ಲಂತೆ. ಅವ್ವಾ, ನೀನೊಬ್ಬಳು ಇದ್ದಿದ್ರೆ ಅಂತ ಒಳಗೇ ಅಳೋಳು.

ಸೊಸೆ ಸೊರಗೋದು ಅತ್ತೆ ಕಣ್ಣಿಗೆ ಬೀಳದೆ ಇರುತ್ತಾ? ಬಯಕೆ ತೀರಿಲ್ಲ ಅಂದ್ಕೊಂಡು ಮೊದಲು ಹುಣಸೆ ಚಿಗುರಿನ ಗೊಜ್ಜು, ನುಚ್ಚಿನುಂಡೆ, ಹುಚ್ಚೆಳ್ಳು ಚಟ್ನಿ ಎಲ್ಲಾ ಮಾಡಿ ಬಡಿಸಿದ್ಲಂತೆ. ಚೆನ್ನಾಜಿ ಎರಡು ತುತ್ತು ತಿಂದು ಕೈ ತೊಳೆದ್ಲು. ಆಮೇಲೆ ದೃಷ್ಟಿ ಆಗಿರ್ಬೇಕು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ಲು. ಮನೆ ತುಂಬ ಘಾಟು ಆಯ್ತೇ ಹೊರತು ದಿಗಿಲು ಜಗ್ಗಲಿಲ್ಲ. ಆಮೇಲೆ ಬಳೆಗಾರನ್ನ ಕರೆಸಿ ಹಸಿರು ಬಳೆ ತೊಡಿಸೋಕೆ ಕೂತ್ರೆ, ಬಂದ ಹೆಂಗಸರಲ್ಲಿ ಒಬ್ಬಳು, ಪಾಪ, ಮೊದಲನೇ ಬಳೆ ಹೆತ್ತವ್ವ ತೊಡಿಸ್ಬೇಕಿತ್ತು ಕಣೇ ಅಂದ್ಬಿಟ್ಲಂತೆ. ನಾಲಿಗೆಗೆ ಮೂಳೆ ಇಲ್ಲ ನೋಡು!

ಮಾರನೇ ಬೆಳಗ್ಗೆ ಮುದ್ದಯ್ಯ ಸಂತೆಗೆ ಹೋಗಿದ್ದ. ಅತ್ತೆ ಆವಿಗೆಗೆ ಬೆಂಕಿ ಇಟ್ಟು ಸೌದೆ ಒಟ್ಟುತಾ ಇದ್ಲು. ತಿರುಗಿ ನೋಡಿದ್ರೆ ಸೊಸೆ ಇಲ್ಲ! ಕೂಗಿದ್ಲು, ಓ ಅನ್ನಲಿಲ್ಲ. ಉರಿಯೋ ಆವಿಗೆ ಬಿಟ್ಟು ಕದಲಿದ್ರೆ ಅಷ್ಟು ದಿನ ದುಡಿದದ್ದೆಲ್ಲ ಹಾಳು, ದೊಡ್ಡತಾಯಿ ತನ್ನ ಜನ್ಮದಲ್ಲೇ ಬಿಟ್ಟೋಳಲ್ಲ. ಅವತ್ತು ಬಿಟ್ಲಂತೆ. ಹಾಳಾಗಿ ಹೋಗ್ಲಿ ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆ ತವರಿನ ದಾರಿ ಹಿಡಿದು ಓಡಿದ್ಲು.

ಹಳ್ಳದಾಚೆ ಆ ತವರೂರಿನ ಹೊಂಗೆ ಮರದ ಕೆಳಗೆ ಚೆನ್ನಾಜಿ ಸಿಕ್ಕಿದ್ಲು. ಅವರವ್ವನ್ನ ಮಣ್ಣು ಮಾಡಿದ ಜಾಗ ಅದು. ಅಲ್ಲಿ ಬಿಕ್ಕಿ ಬಿಕ್ಕಿ ಅಳ್ತಾ ಕೂತಿದ್ಲಂತೆ. ಅತ್ತೆ ಏದುಸಿರು ಬಿಡ್ತಾ ಪಕ್ಕದಲ್ಲಿ ಕುಕ್ಕರಿಸಿದ್ಲು. ಬೈಬೇಕು ಅಂತ ಬಾಯಿ ತೆಗೆದೋಳು ಅವಳ ಮುಖ ನೋಡಿ, ಅದೇನಿದೆ ಹೇಳೇ ತಾಯಿ, ಕೆಟ್ಟದ್ದೇ ಆದ್ರೂ ಹೇಳು ಅಂದ್ಲು. ಕಟ್ಟೆ ಒಡೆದ ಹಾಗೆ ಎಲ್ಲಾ ಹೊರಗೆ ಬಂತು. ಸಾಯೋಕೆ ಹೆದರಿಕೆ ಅತ್ತೆ, ಸತ್ರೆ ಈ ಮಗೂನೂ ನನ್ನ ಹಾಗೇ ಅವ್ವನ ಮುಖ ನೋಡದೆ ಬೆಳೆಯುತ್ತಲ್ಲ, ಅದಕ್ಕಿನ್ನೂ ಹೆದರಿಕೆ ಅಂದ್ಲಂತೆ.

ಅತ್ತೆ ಬಾಯಿ ಮುಚ್ಚು ಅನ್ನಲಿಲ್ಲ. ಏನೂ ಆಗಲ್ಲ ಅಂತ ಸುಳ್ಳು ಆಣೇನೂ ಇಡಲಿಲ್ಲ. ನಿಮ್ಮವ್ವ ಆಗೋಕೆ ನನ್ನ ಕೈಲಾಗಲ್ಲ ಕಣೇ ಚೆನ್ನೀ, ಆದ್ರೆ ದಿಗಿಲಾದಾಗೆಲ್ಲ ನನ್ನ ಕರಿ, ಎಷ್ಟು ಸಲ ಕರೆದ್ರೂ ಬರ್ತೀನಿ, ನನಗೂ ಮುದ್ದಯ್ಯನ್ನ ಹೊತ್ತಾಗ ಹೀಗೇ ಆಗಿತ್ತು, ಯಾರ ಹತ್ರಾನೂ ಹೇಳಿರ್ಲಿಲ್ಲ ಅಂದ್ಲು. ಇಬ್ಬರೂ ಮನಸಾರೆ ಅತ್ತರಂತೆ.

ಮನೆಗೆ ಬಂದ್ರೆ ಆವಿಗೇಲಿ ಅರ್ಧಕ್ಕರ್ಧ ಮಡಕೆ ಸೀಳಿದ್ದವು. ಒಡೆದ್ವು ಕಣೋ, ನಾಳೆ ಮತ್ತೆ ಮಣ್ಣು ತುಳಿ ಅಂತ ಅತ್ತೆ ಸಂತೆಯಿಂದ ಬಂದ ಮಗನಿಗೆ ಬಾಯಿಬಿಟ್ಟೇ ಹೇಳಿದ್ಲಂತೆ. ಆಮೇಲೆ ದಿನಾ ಚೆನ್ನಾಜಿ ತನ್ನ ದಿಗಿಲು ಹೇಳೋದು, ಅತ್ತೆ ಬೆನ್ನು ಸವರ್ತಾ ಕೇಳೋದು. ದಿಗಿಲೇನು ಓಡಿಹೋಗಲಿಲ್ಲ ಮಗಾ, ಬರ್ತಿತ್ತು, ಹೋಗ್ತಿತ್ತು. ಆದ್ರೆ ಅನ್ನ ಇಳೀತು, ಕಣ್ಣಿಗೆ ನಿದ್ದೆ ಹತ್ತಿತು.

ದಿನ ತುಂಬಿ ನೋವು ಬಂದಾಗ ಅತ್ತೆ ಹಿಡಿದ ಕೈ ಬಿಡಲೇ ಇಲ್ಲ. ಹೆಣ್ಣು ಮಗು ಹುಟ್ಟಿತು, ತಾಯೀನೂ ಉಳಿದ್ಲು. ಮಗು ಇನ್ನೂ ಕಣ್ಣು ಪಿಳಿಪಿಳಿ ಬಿಡ್ತಿತ್ತು, ಚೆನ್ನಾಜಿ ಅದನ್ನ ಹತ್ತಿರ ಎಳ್ಕೊಂಡು, ನೋಡೇ ಕಂದ, ಚೆನ್ನಾಗಿ ನೋಡ್ಕೋ, ಇದೇ ನಿಮ್ಮವ್ವನ ಮುಖ ಅಂದ್ಲಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಬೆಚ್ಚಗಿದೀವಿ. ಕತೆ ಮುಗೀತು. ಹೂಂ ಅನ್ನೋ... ಅಯ್ಯೋ, ಮಲಗೇಬಿಟ್ಟಿದೆ.