ಫಕೀರವ್ವನ ವ್ಯಾನು

ಶಿಷ್ಯನು ಕೇಳಿದನು: "ಗುರುಗಳೇ, ಬಲ್ಲಿದರ ಮುಂದೆ ನಿಂತು ಆಗದು ಎನ್ನಬೇಕಾದರೆ ಮೊದಲು ನಮ್ಮಲ್ಲಿ ಬಲವಿರಬೇಡವೇ? ಬರಿಗೈಯವನ ಮಾತಿಗೆ ಏನು ಬೆಲೆ?"

ಗುರುಗಳು ಈ ಕತೆ ಹೇಳಿದರು.

ಒಂದೂರಿನ ಹೊರಗೆ ಇಟ್ಟಿಗೆ ಗೂಡುಗಳಿದ್ದವು. ಅಲ್ಲಿ ದುಡಿಯುವವರ ಮಕ್ಕಳನ್ನು ಫಕೀರವ್ವ ಎಂಬ ಹೆಂಗಸು ತನ್ನ ಹಳೆಯ ವ್ಯಾನಿನಲ್ಲಿ ದಿನವೂ ಶಾಲೆಗೆ ಕರೆದೊಯ್ಯುತ್ತಿದ್ದಳು. ಅವಳು ಬರುವ ಮೊದಲು ಆ ಮಕ್ಕಳು ತಾಯಂದಿರ ಜೊತೆ ಮಣ್ಣು ತುಳಿಯುತ್ತಿದ್ದರು. ಗೂಡಿನ ಧಣಿಗೆ ಬೇಕಾದದ್ದೂ ಅದೇ. ಸಣ್ಣ ಕೈಗಳು ಹಸಿ ಇಟ್ಟಿಗೆಯನ್ನು ಬೇಗ ಬೇಗ ತಿರುವಿಹಾಕುತ್ತವೆ, ಕೂಲಿಯನ್ನೂ ಕೇಳುವುದಿಲ್ಲ.

ಒಂದು ದಿನ ವ್ಯಾನು ನಡುದಾರಿಯಲ್ಲಿ ನಿಂತಿತು. ತಣ್ಣಗಾದ ಮೇಲೆ ಹೊರಟಿತು, ಎಂಜಿನ್ ಬಿಸಿಯೇರಿದೊಡನೆ ಮತ್ತೆ ನಿಂತಿತು. ಮೆಕ್ಯಾನಿಕ್ ಬಗ್ಗಿ ನೋಡಿ, ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್ ಕೆಟ್ಟಿದೆ ಎಂದನು. ಬದಲಿಸಿಕೊಡು ಎಂದಾಗ ತಲೆ ತಗ್ಗಿಸಿದನು.

"ಧಣಿಯ ಲಾರಿಗಳೆಲ್ಲ ನನ್ನ ಗ್ಯಾರೇಜಿಗೇ ಬರುತ್ತವೆ, ಅಕ್ಕಾ. ನಿನ್ನ ವ್ಯಾನು ಮುಟ್ಟಬಾರದೆಂದು ಹೇಳಿ ಕಳಿಸಿದ್ದಾರೆ."

ಉಳಿದ ಗ್ಯಾರೇಜುಗಳಿಗೂ ಆ ಮಾತು ಅವಳಿಗಿಂತ ಮೊದಲೇ ತಲುಪಿತ್ತು. ತಾಯಂದಿರು ಸೇರಿ ವ್ಯಾನನ್ನು ಅವಳ ಮನೆಯ ಅಂಗಳಕ್ಕೆ ತಳ್ಳಿದರು. ಸಂಜೆ ಧಣಿಯೇ ಬಂದನು.

"ಗುಜರಿಗೆ ಹಾಕುವ ಬದಲು ನನಗೆ ಕೊಟ್ಟುಬಿಡು."

"ಕೊಡುವುದಿಲ್ಲ."

"ಓಡದ ವ್ಯಾನು ಇಟ್ಟುಕೊಂಡು ಏನು ಮಾಡುತ್ತೀ?"

"ಓಡಿಸುತ್ತೇನೆ."

ಧಣಿ ನಕ್ಕು ಹೊರಟುಹೋದನು. ಅವನ ಬೆನ್ನು ಮರೆಯಾದ ಮೇಲೆ ಫಕೀರವ್ವ ಬಗ್ಗಿ ವ್ಯಾನಿನ ಅಡಿಯನ್ನು ನೋಡಿದಳು. ಸ್ಟಿಯರಿಂಗ್ ಹಿಡಿಯುವುದೊಂದು ಬಿಟ್ಟರೆ ಅವಳಿಗೆ ವ್ಯಾನಿನ ಬೇರಾವ ವಿದ್ಯೆಯೂ ತಿಳಿದಿರಲಿಲ್ಲ.

ಮರುದಿನ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ ಹೊಸ ಸೆನ್ಸರ್ ತಂದಳು. ಅದು ಎಲ್ಲಿ ಕೂರುತ್ತದೆ, ಹೇಗೆ ಬಿಚ್ಚಬೇಕು ಎಂದು ಅಂಗಡಿಯವನನ್ನು ಅವನು ಬೇಸರಪಡುವವರೆಗೂ ಕೇಳಿದಳು. ಭಾನುವಾರ ಬೆಳಿಗ್ಗೆ ಗೋಣಿತಾಟು ಹಾಸಿ ವ್ಯಾನಿನ ಕೆಳಗೆ ನುಸುಳಿದಳು.

ಬೋಲ್ಟು ಸುಲಭವಾಗಿ ಬಂತು. ಸೆನ್ಸರ್ ಬರಲಿಲ್ಲ. ತುಕ್ಕು ಅದನ್ನು ಕಬ್ಬಿಣಕ್ಕೆ ಬೆಸೆದಿತ್ತು. ಎಣ್ಣೆ ಬಿಟ್ಟಳು, ಕಾದಳು, ಎಡಕ್ಕೂ ಬಲಕ್ಕೂ ತಿರುಗಿಸಿದಳು. ಕದಲಲಿಲ್ಲ. ಧಣಿಯ ನಗು ನೆನಪಾಗಿ ಸಿಟ್ಟು ಏರಿತು. ಇಕ್ಕಳ ಹಾಕಿ ಜಗ್ಗಿದಳು. ಸೆನ್ಸರಿನ ತಲೆ ಮುರಿದು ಕೈಗೆ ಬಂತು. ಬುಡ ಒಳಗೇ ಉಳಿಯಿತು.

ನೋಡುತ್ತ ನಿಂತಿದ್ದ ತಾಯಂದಿರಲ್ಲಿ ಒಬ್ಬಳು ಮೆಲ್ಲನೆ ಹೇಳಿದಳು: "ಸಾಕು ಬಿಡಕ್ಕಾ. ಮಣ್ಣು ನಮಗೇನು ಹೊಸದೇ?"

"ನಿನಗೆ ಹಳೆಯದು. ನಿನ್ನ ಮಗಳಿಗೂ ಹಳೆಯದಾಗಬೇಕೇ?" ಎಂದಳು ಫಕೀರವ್ವ, ವ್ಯಾನಿನ ಕೆಳಗಿನಿಂದಲೇ.

ಆಮೇಲೆ ಯಾರೂ ಬಿಡು ಎನ್ನಲಿಲ್ಲ. ಒಬ್ಬಳು ಎಣ್ಣೆಯ ಬಟ್ಟಲು ಹಿಡಿದಳು, ಇನ್ನೊಬ್ಬಳು ನೀರು ತಂದಳು. ಫಕೀರವ್ವ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿದಳು. ಸಿಟ್ಟು ಇಳಿದ ಮೇಲೆ ಒಂದು ಸ್ಕ್ರೂ ತೆಗೆದುಕೊಂಡು ಉಳಿದ ಬುಡದೊಳಕ್ಕೆ ತಿರುಗಿಸುತ್ತ ಇಳಿಸಿದಳು. ಸ್ಕ್ರೂವಿನ ತಲೆಯನ್ನು ಇಕ್ಕಳದಿಂದ ಹಿಡಿದು, ಈ ಸಲ ಜಗ್ಗದೆ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿದಳು. ಮಧ್ಯಾಹ್ನ ಕಳೆಯಿತು. ತೋಳು ಮರಗಟ್ಟಿತು. ಕೊನೆಗೊಮ್ಮೆ ಅದು ಕಿರ್ರೆಂದು ಹೊರಗೆ ಬಂತು. ರಂಧ್ರ ಒರೆಸಿ ಹೊಸದನ್ನು ಕೂರಿಸಿ ಬೋಲ್ಟು ಬಿಗಿದಳು. ಕೀಲಿ ತಿರುಗಿಸಿದಾಗ ಎಂಜಿನ್ ಹತ್ತಿಕೊಂಡಿತು, ಬಿಸಿಯೇರಿದ ಮೇಲೂ ನಿಲ್ಲಲಿಲ್ಲ.

ಸೋಮವಾರ ಅವಳು ಧಣಿಯ ಬಾಗಿಲ ಮುಂದೆ ಬೇಕೆಂದೇ ಉದ್ದಕ್ಕೆ ಹಾರನ್ ಬಾರಿಸಿ ಮಕ್ಕಳನ್ನು ಹತ್ತಿಸಿಕೊಂಡಳು. ಧಣಿ ಸುಮ್ಮನಾಗಲಿಲ್ಲ. ಮರುದಿನ ದಾರಿಗೆ ಅಡ್ಡಲಾಗಿ ಇಟ್ಟಿಗೆ ಒಟ್ಟಿಸಿದನು. ಮಣ್ಣು ನಮಗೇನು ಹೊಸದೇ ಎಂದಿದ್ದ ಆ ತಾಯಿಯೇ ಮೊದಲ ಇಟ್ಟಿಗೆ ಎತ್ತಿ ಬದಿಗೆಸೆದಳು. ಉಳಿದವರೂ ಕೈಹಾಕಿದರು. ಧಣಿ ನೋಡುತ್ತಿದ್ದಂತೆಯೇ ವ್ಯಾನು ದಾಟಿತು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಸೆನ್ಸರ್ ಹೊರಗೆ ಬಂತು, ಅದಕ್ಕೇ ಅವಳ ಮಾತಿಗೆ ಬೆಲೆ ಬಂತು. ಬಾರದಿದ್ದರೆ?" ಎಂದನು.

ಗುರುಗಳು ಹೇಳಿದರು: "ಕೊಡುವುದಿಲ್ಲ ಎಂದು ಅವಳು ಹೇಳಿದಾಗ ಸೆನ್ಸರ್ ಇನ್ನೂ ಹೊರಗೆ ಬಂದಿರಲಿಲ್ಲ."